ವಿದ್ಯಾಪೀಠದ ವ್ಯಾಖ್ಯಾನಕ್ಕೆ ನಾವು ಹೋಗಬಹುದೇ?

ಸಾಂಗಲಿಯ ಕಾಲೇಜೊಂದರಲ್ಲಿ ನಡೆಯಲಿದ್ದ ವ್ಯಾಖ್ಯಾನದ ಆಮಂತ್ರಣ ಪತ್ರಿಕೆಯನ್ನು ನಮ್ಮ ಶಾಲೆಯ ಸೂಚನಾ ಫಲಕಕ್ಕೆ ಹಚ್ಚಿದ್ದೆವು. ಕೊನೆಗೆ ಎಲ್ಲರಿಗೂ ಸ್ವಾಗತವೆಂದು ಮರಾಠಿಯಲ್ಲಿ ಅಚ್ಚಾಗಿತ್ತು. ಅದನ್ನು ಎರಡು ಸಲ ಓದಿದ ಒಂಬತ್ತನೆಯ ಇಯತ್ತೆಯ ಹುಡುಗನೊಬ್ಬ, “ಸರ್, ಎಲ್ಲರಿಗೂ ಅಂದ್ರ ನಮಗೂ ಏನ್ರಿ? ಬಾಗಲದಾಗ ಯಾರರೆ ಕೇಳಿದ್ರ ಏನ್ ಹೇಳ್ಬೇಕ್ರಿ?” ಎಂದ. ನಾವು ಮೊದಲು ನಕ್ಕೆವು. ಅವನ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ಯಾರೂ ಇಲ್ಲವೆಂಬುದು ನೆನಪಾದಾಗ ನಗೆ ನಿಂತಿತು. ಈ ಲೇಖನ ಅವನ ಪ್ರಶ್ನೆಗೆ ಉತ್ತರ.

ವಿಶ್ವವಿದ್ಯಾಲಯವೆಂದರೆ, ನಮ್ಮ ಕಡೆಯ ಮಾತಿನಲ್ಲಿ ವಿದ್ಯಾಪೀಠವೆಂದರೆ, ಪರೀಕ್ಷೆ ನಡೆಸಿ ಪದವಿ ಕೊಡುವ ಕಚೇರಿ ಎಂದು ಬಹಳ ಜನರ ತಿಳುವಳಿಕೆ. ಪಾಠ, ಸಂಶೋಧನೆಗಳ ಜೊತೆಗೆ ತನ್ನಲ್ಲಿ ಕೂಡಿದ ತಿಳಿವನ್ನು ಹೊರಗಿನವರಿಗೆ ಮುಟ್ಟಿಸುವುದೂ ಅದರ ಕೆಲಸವೇ. ಮೈಸೂರು ವಿಶ್ವವಿದ್ಯಾಲಯ 1916ರಲ್ಲಿಯೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿಯೂ ಹುಟ್ಟಿದವು. ಪ್ರಾಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಮಾತನಾಡುವುದು, ಆ ಮಾತುಗಳು ಆಮೇಲೆ ಕಿಸೆಯಲ್ಲಿ ಹಿಡಿಯುವಂಥ ಸಣ್ಣ ಪುಸ್ತಕಗಳಾಗಿ ಅಚ್ಚಾಗುವುದು ಈ ಎರಡೂ ಕಡೆ ನಡೆದುಬಂದ ಪದ್ಧತಿ. ಆ ಕೆಲಸ ನೋಡುವ ವಿಭಾಗಕ್ಕೆ ಪ್ರಸಾರಾಂಗವೆಂದು ಹೆಸರು. ನಿಮ್ಮ ಅಜ್ಜನ ಟ್ರಂಕಿನಲ್ಲಿ ಅಂಥದೊಂದು ಹೊತ್ತಗೆ ಸಿಕ್ಕರೆ ರದ್ದಿಗೆ ಹಾಕಬೇಡಿರಿ.

ದತ್ತಿ ಉಪನ್ಯಾಸವೆಂಬ ಮಾತನ್ನೂ ನೀವು ಕೇಳಿರಬಹುದು. ಯಾರೋ ಒಬ್ಬರು ತಮ್ಮ ತಾಯಿಯ ಹೆಸರಿನಲ್ಲೋ ಗುರುಗಳ ಹೆಸರಿನಲ್ಲೋ ಒಂದಿಷ್ಟು ಹಣವನ್ನು ಠೇವಣಿ ಇಡುತ್ತಾರೆ. ಮೂಲಧನವನ್ನು ಮುಟ್ಟುವಂತಿಲ್ಲ. ವರುಷ ವರುಷದ ಬಡ್ಡಿಯಲ್ಲಿ ಒಬ್ಬ ವಿದ್ವಾಂಸರನ್ನು ಕರೆಸಿ ಮಾತನಾಡಿಸುತ್ತಾರೆ. ಹಣ ಇಟ್ಟವರು ತೀರಿಕೊಂಡ ಮೇಲೂ ಮಾತು ನಡೆಯುತ್ತಲೇ ಇರುತ್ತದೆ. ಶ್ರಾದ್ಧಕ್ಕಿಂತ ಇದು ಅಗ್ಗವೆಂದು ನಮ್ಮ ಸಹೋದ್ಯೋಗಿಯೊಬ್ಬರು ಚೇಷ್ಟೆ ಮಾಡುತ್ತಾರೆ!

ಒಂದು ವ್ಯಾಖ್ಯಾನದಿಂದ ಏನಾದೀತು ಎಂದು ಕೇಳುವವರಿಗೆ ಒಂದು ಸಂಗತಿ ಹೇಳುತ್ತೇವೆ. 1911ರಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ‘ಕನ್ನಡ ಮಾತು ತಲೆ ಎತ್ತುವ ಬಗೆ’ ಎಂಬ ಭಾಷಣ ಮಾಡಿದರು. ಅವರು ಇಂಗ್ಲಿಷ್ ಕಲಿಸುವ ಅಧ್ಯಾಪಕರು. ಕನ್ನಡ ನಾಡಿನಲ್ಲಿ ಆಗ ಒಂದೂ ವಿಶ್ವವಿದ್ಯಾಲಯವಿರಲಿಲ್ಲ. ಆ ಒಂದು ಸಂಜೆಯ ಮಾತನ್ನು ಕನ್ನಡಿಗರು ಇಂದಿಗೂ ನೆನೆಯುತ್ತಾರೆ.

ಇದೆಲ್ಲ ಆ ಕಡೆಯ ಮಾತಾಯಿತು, ಮಹಾರಾಷ್ಟ್ರದಲ್ಲಿರುವ ನಮಗೇನು ಎಂದು ಪಾಲಕರು ಕೇಳಬಹುದು. ನಮ್ಮ ಮಾಧವನಗರದ ನೆರೆಯಲ್ಲಿಯೇ, ಸಾಂಗಲಿ ಮಿರಜಗಳ ನಡುವೆ, 1919ರಲ್ಲಿ ಆರಂಭವಾದ ವಿಲಿಂಗ್ಡನ್ ಕಾಲೇಜು ಇದೆ. ವಿ. ಕೃ. ಗೋಕಾಕರು ಅಲ್ಲಿ ಪ್ರಾಚಾರ್ಯರಾಗಿದ್ದರು. ರಂ. ಶ್ರೀ. ಮುಗಳಿಯವರು ಬಹಳ ವರುಷ ಅಲ್ಲಿ ಕನ್ನಡ ಕಲಿಸಿದರು. ಅವರ ‘ಕನ್ನಡ ಸಾಹಿತ್ಯ ಚರಿತ್ರೆ’ಗೆ 1956ರಲ್ಲಿ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಬಂದಿತು. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಕೆ. ಜಿ. ಕುಂದಣಗಾರರೂ ಆ. ನೇ. ಉಪಾಧ್ಯೆಯವರೂ ಇದ್ದರು. ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ 1958ರಲ್ಲಿ ಗೋಕಾಕರು, 1961ರಲ್ಲಿ ಕುಂದಣಗಾರರು, 1963ರಲ್ಲಿ ಮುಗಳಿಯವರು, 1967ರಲ್ಲಿ ಉಪಾಧ್ಯೆಯವರು ಅಧ್ಯಕ್ಷರಾದರು. ಹತ್ತು ವರುಷದೊಳಗೆ ನಾಲ್ವರು, ನಾಲ್ವರೂ ಈ ಭಾಗದ ಕಾಲೇಜುಗಳಲ್ಲಿ ಕಲಿಸಿದವರು! 1962ರ ನವೆಂಬರ 18ರಂದು ಕೊಲ್ಲಾಪುರದಲ್ಲಿ ಶಿವಾಜಿ ವಿದ್ಯಾಪೀಠ ಉದ್ಘಾಟನೆಯಾಯಿತು. ನಮ್ಮ ಜಿಲ್ಲೆಯ ಕಾಲೇಜುಗಳು ಈಗ ಅದಕ್ಕೆ ಸೇರಿವೆ. ಅಲ್ಲಿಯ ವ್ಯಾಖ್ಯಾನಗಳು ಹೆಚ್ಚಾಗಿ ಮರಾಠಿಯಲ್ಲಿ. ಬಜಾರದಲ್ಲಿ ದಿನವೂ ಮರಾಠಿ ಆಡುವ ನಮ್ಮ ಮಕ್ಕಳಿಗೆ ಅದೇನು ದೊಡ್ಡ ಅಡ್ಡಿಯಲ್ಲ.

ಕಲೆಯ ಮಾತೂ ಹೀಗೆಯೇ. ಮಿರಜದಲ್ಲಿ ನೆಲೆಸಿದ್ದ ಅಬ್ದುಲ್ ಕರೀಮ್ ಖಾನ್ ಸಾಹೇಬರು 1937ರಲ್ಲಿ ತೀರಿಕೊಂಡರು. ಇಲ್ಲಿಯ ಮೀರಾಸಾಹೇಬ ದರ್ಗಾದ ಆವರಣದಲ್ಲಿ ಅವರ ಸಮಾಧಿಯಿದೆ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯೆ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್. ಗಂಗೂಬಾಯಿಯವರ ಶಾಲೆಯ ಓದು ಪ್ರಾಥಮಿಕ ಇಯತ್ತೆಗಳಿಗೇ ನಿಂತಿತ್ತು. ಅವರನ್ನು ಕರ್ನಾಟಕ ವಿಶ್ವವಿದ್ಯಾಲಯ ಸಂಗೀತದ ಗೌರವ ಪ್ರಾಧ್ಯಾಪಕಿಯನ್ನಾಗಿ ಮಾಡಿಕೊಂಡಿತು. ಮಲ್ಲಿಕಾರ್ಜುನ ಮನಸೂರರೂ ಅಲ್ಲಿಯ ಸಂಗೀತ ವಿಭಾಗವನ್ನು ನಡೆಸಿದರು. ಒಂದು ಕಾಲಕ್ಕೆ ಇಂಥ ಹಾಡುಗಾರಿಕೆ ಸಂಸ್ಥಾನಿಕರ ದರಬಾರಿನಲ್ಲಿ ಕರೆದವರಿಗೆ ಮಾತ್ರ ಕೇಳಸಿಗುತ್ತಿತ್ತು. ವಿದ್ಯಾಪೀಠದ ಸಭಾಗೃಹದಲ್ಲಿ ಕೂಡಲು ಅಂಥ ಕರೆ ಬೇಕಿಲ್ಲ.

ಹಾಗೆಂದು ಎಲ್ಲ ಕಾರ್ಯಕ್ರಮಗಳೂ ಎಲ್ಲರಿಗೂ ಅಲ್ಲ. ವಿಚಾರಸಂಕಿರಣಗಳಿಗೆ ಮೊದಲೇ ಹೆಸರು ಕೊಡಬೇಕಾಗಬಹುದು, ಕೆಲವು ಸಂಗೀತ ಸಭೆಗಳಿಗೆ ತಿಕೀಟು ಇರುತ್ತದೆ. ಆಮಂತ್ರಣ ಪತ್ರಿಕೆಯನ್ನು ಕೊನೆಯವರೆಗೂ ಓದಿರಿ. ಹತ್ತು ನಿಮಿಷ ಮೊದಲು ಹೋಗಿರಿ. ತಿಳಿಯದ ಶಬ್ದವನ್ನು ವಹಿಯಲ್ಲಿ ಬರೆದುಕೊಳ್ಳಿರಿ. ಕೊನೆಗೆ ಪ್ರಶ್ನೆಗಳಿಗೆ ಸಮಯ ಕೊಟ್ಟಾಗ ಒಂದೇ ಪ್ರಶ್ನೆ, ಅದೂ ಚಿಕ್ಕದಾಗಿ ಕೇಳಿರಿ. ದೊಡ್ಡವರು ಪ್ರಶ್ನೆಯೆಂದು ಎದ್ದು ತಾವೇ ಭಾಷಣ ಮಾಡುವುದುಂಟು, ಅದನ್ನು ಕಲಿಯಬೇಡಿರಿ. ಹೊತ್ತಾಗುವುದೆಂದು ಹೆಣ್ಣುಮಕ್ಕಳನ್ನು ಕಳಿಸಲು ಹಿಂದೆಮುಂದೆ ನೋಡುವ ತಾಯಂದಿರಿಗೆ ನಮ್ಮ ಬಿನ್ನಹವಿಷ್ಟೆ: ನೀವೂ ಜೊತೆಗೆ ಬನ್ನಿರಿ, ಕುರ್ಚಿಗಳು ಸಾಕಷ್ಟಿರುತ್ತವೆ.

ಆ ಹುಡುಗ ಅಂದು ಅಣ್ಣನ ಸಾಯಕಲ್ಲಿನ ಹಿಂದೆ ಕುಳಿತು ಹೋಗಿಬಂದ. ಬಾಗಿಲಲ್ಲಿ ಯಾರೂ ಏನೂ ಕೇಳಲಿಲ್ಲವಂತೆ. ಹಿಂದೆ ನಿಂತಿದ್ದವನನ್ನು ಒಬ್ಬ ಮುದುಕರು ಕೈಸನ್ನೆ ಮಾಡಿ ಕರೆದು ಎರಡನೆಯ ಸಾಲಿನಲ್ಲಿ ಕೂಡಿಸಿದರಂತೆ. “ಅರ್ಧಾ ತಿಳೀಲಿಲ್ರಿ ಸರ್” ಎಂದ. ಉಳಿದ ಅರ್ಧವನ್ನು ಮಧ್ಯಾಹ್ನದ ಸುಟ್ಟಿಯ ಹೊತ್ತೆಲ್ಲ ನಮಗೆ ಹೇಳಿದ.