190 ರೂಪಾಯಿಯ ಲ್ಯಾಪ್‌ಟಾಪು

ಗುಂಡ್ಲುಪೇಟೆಯ ಗೃಹಸ್ಥರೊಬ್ಬರು ರಾತ್ರಿಯೂಟ ಮುಗಿಸಿ ಮೊಬೈಲು ನೋಡುತ್ತಿರಲು, ಇಪ್ಪತ್ತಮೂರು ಸಾವಿರಕ್ಕೂ ಮಿಗಿಲಾದ ಬೆಲೆಯ ಲ್ಯಾಪ್‌ಟಾಪು 190 ರೂಪಾಯಿಗೆ ಕಂಡಿತೆನ್ನಿ. ಕೂಡಲೇ ಕೇಳಿದರು, ಒಪ್ಪಿಗೆಯ ಸಂದೇಶವೂ ಬಂದಿತು. ಸ್ವಲ್ಪ ಹೊತ್ತಿನಲ್ಲಿಯೇ ‘ಬೆಲೆ ತಪ್ಪಾಗಿತ್ತು, ಆರ್ಡರು ರದ್ದು’ ಎಂಬ ಉತ್ತರ! ಮಾರಿದವನು ಮಾತಿಗೆ ಬದ್ಧನೇ?

2014ರಲ್ಲಿ ಒಡಿಶಾದ ವಿದ್ಯಾರ್ಥಿಯೊಬ್ಬನಿಗೆ ಅಮೆಜಾನಿನಲ್ಲಿ ಒದಗಿದ ಅನುಭವ ಇಂಥದೇ. ಲ್ಯಾಪ್‌ಟಾಪು ಕೈಸೇರಲಿಲ್ಲ. ಆದರೆ ಒಪ್ಪಿಗೆ ತಿಳಿಸಿದೊಡನೆ ಕರಾರು ಪೂರ್ಣವಾಯಿತೆಂದು ಬಗೆದ ರಾಜ್ಯ ಗ್ರಾಹಕ ಆಯೋಗವು, 2021ರಲ್ಲಿ ಪರಿಹಾರ, ದಂಡ, ಖರ್ಚು ಸೇರಿ 45,000 ರೂಪಾಯಿ ತೆರಬೇಕೆಂದು ವಿಧಿಸಿತು. ಒಬ್ಬನ ತಪ್ಪುತಿಳಿವಳಿಕೆಯೊಂದರಿಂದಲೇ ಕರಾರು ಮುರಿಯದೆಂದು 1872ರ ಕರಾರು ಕಾಯಿದೆಯ 22ನೆಯ ಕಲಮೂ ಹೇಳುತ್ತದೆ.

ಹಾಗೆಂದು ಕೊಳ್ಳುವವನದೇ ಸದಾ ಗೆಲುವಲ್ಲ. 2003ರಲ್ಲಿ ಸಿಂಗಪುರದ ತಾಣವೊಂದರಲ್ಲಿ 3,854 ಡಾಲರಿನ ಮುದ್ರಣಯಂತ್ರ 66 ಡಾಲರಿಗೆ ಪ್ರಕಟವಾದಾಗ, ಆರು ಮಂದಿ 1,606 ಯಂತ್ರಗಳನ್ನು ಕೇಳಿದರು. ಅವರಲ್ಲಿ ವಕೀಲರೂ ಇದ್ದರೆಂಬುದು ಸ್ವಾರಸ್ಯ! ತಪ್ಪೆಂದು ಅರಿತೇ ಕೊಂಡವರಿಗೆ ಕರಾರಿನ ಆಸರೆಯಿಲ್ಲವೆಂದು 2005ರಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯ ತೀರ್ಮಾನಿಸಿತು. ಮನೆಗೊಂದು ಬಯಸಿದವನನ್ನೂ ಸಾವಿರ ಬಾಚಲು ಹೊರಟವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಮಾರುವ ಕಂಪನಿ ಎಲ್ಲಿಯೇ ಇರಲಿ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಗುಂಡ್ಲುಪೇಟೆಯವರು ತಮ್ಮ ಜಿಲ್ಲೆಯ ಚಾಮರಾಜನಗರದ ಆಯೋಗದಲ್ಲಿಯೇ ದೂರು ಕೊಡಬಹುದು. ಅವಧಿ ಎರಡು ವರ್ಷ. ಕೊಟ್ಟ ಬೆಲೆ 5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ. ಒಪ್ಪಿಗೆಯ ಸಂದೇಶವನ್ನು ಮಾತ್ರ ಅಳಿಸದೆ ಇಟ್ಟುಕೊಂಡಿರಬೇಕು.