ಟೊಳ್ಳು ಮೀನು, ಗಟ್ಟಿ ಮೀನು: ಗಾಳದ ಪ್ಲಾಸ್ಟಿಕ್ ಎರೆಯ ಒಳಗುಟ್ಟು

ಧಾರವಾಡ: ಗಾಳಕ್ಕೆ ಎರೆಹುಳುವನ್ನೋ ಹಿಟ್ಟಿನ ಉಂಡೆಯನ್ನೋ ಚುಚ್ಚಿ ಕೆರೆಯ ದಂಡೆಯಲ್ಲಿ ಕಾದು ಕೂರುವುದು ನಮ್ಮ ಕಡೆಯ ಹಳೆಯ ರೂಢಿ. ಹವ್ಯಾಸಕ್ಕಾಗಿ ಗಾಳ ಹಾಕುವವರ ಪೆಟ್ಟಿಗೆಯಲ್ಲಿ ಮಾತ್ರ ಈಗ ಆ ಎರೆಯ ಸ್ಥಾನಕ್ಕೆ ಮೆತ್ತನೆಯ ಪ್ಲಾಸ್ಟಿಕ್ ಮೀನುಗಳೂ ಕಪ್ಪೆಗಳೂ ಬಂದಿವೆ. ಆಡುಮಾತಿನಲ್ಲಿ ಇವು 'ರಬ್ಬರ್ ಮೀನು', 'ರಬ್ಬರ್ ಕಪ್ಪೆ'. ವ್ಯಾಪಾರದ ಭಾಷೆಯಲ್ಲಿ ಸಾಫ್ಟ್ ಪ್ಲಾಸ್ಟಿಕ್ ಲ್ಯೂರ್. ಎಳೆದಾಗ ಬಾಲ ಬಡಿಯುತ್ತ ಜೀವಂತ ಮೀನಿನಂತೆ ಈಜುವ ಮಾದರಿಗೆ ಸ್ವಿಮ್‌ಬೇಟ್ ಎಂದು ಹೆಸರು. ಅಂಗಡಿಯಲ್ಲಿ ಅಕ್ಕಪಕ್ಕ ತೂಗುಹಾಕಿದ ಎರಡು ಸ್ವಿಮ್‌ಬೇಟ್‌ಗಳು ಬಣ್ಣ, ಅಳತೆ, ಕಣ್ಣು, ಬಾಲಗಳಲ್ಲಿ ಒಂದೇ ತೆರನಾಗಿ ಕಂಡರೂ ಒಂದರ ಹೊಟ್ಟೆ ಟೊಳ್ಳಾಗಿರಬಹುದು, ಮತ್ತೊಂದರದು ಇಡಿಯಾಗಿ ತುಂಬಿರಬಹುದು. ಬೆರಳುಗಳ ನಡುವೆ ಒತ್ತಿ ನೋಡಿದಾಗಲೇ ವ್ಯತ್ಯಾಸ ತಿಳಿಯುವುದು. ನೀರಿನಲ್ಲಿ ಮೀನು ಮಾಡುವುದೂ ಇದನ್ನೇ.

ಹೆಸರಿನಲ್ಲಿ ರಬ್ಬರ್ ಇದ್ದರೂ ಇವುಗಳಲ್ಲಿ ಬಹುತೇಕ ರಬ್ಬರ್ ಇಲ್ಲ. ಪಿವಿಸಿ ಪುಡಿಯನ್ನು ಪ್ಲಾಸ್ಟಿಸೈಜರ್ ಎಂಬ ಎಣ್ಣೆಯಂಥ ದ್ರವದಲ್ಲಿ ಕಲಸಿದಾಗ ಸಿಗುವ ಹಾಲಿನಂಥ ಮಿಶ್ರಣಕ್ಕೆ ಪ್ಲಾಸ್ಟಿಸಾಲ್ ಎನ್ನುತ್ತಾರೆ. ಸುಮಾರು 175 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಅದು ಮೊದಲು ಗಟ್ಟಿಯಾಗಿ, ನಂತರ ತಿಳಿಯಾಗಿ ಹರಿಯತೊಡಗುತ್ತದೆ; ಅಚ್ಚಿನಲ್ಲಿ ಸುರಿದು ತಣಿಸಿದರೆ ಜೆಲ್ಲಿಯಂಥ ಮೀನು ಸಿದ್ಧ. ಅಮೆರಿಕದ ಓಹಾಯೊ ರಾಜ್ಯದ ಆಕ್ರನ್ ನಗರದಲ್ಲಿ ನಿಕ್ ಕ್ರೀಮ್ ಎಂಬಾತ 1949ರಲ್ಲಿ ಮೆತ್ತನೆಯ ಪ್ಲಾಸ್ಟಿಕ್ ಎರೆಹುಳುವನ್ನು ಅಚ್ಚು ಹಾಕಿದ್ದರಿಂದ ಈ ಉದ್ಯಮ ಆರಂಭವಾಯಿತು. ಆಕ್ರನ್ ಟಯರ್ ಕಾರ್ಖಾನೆಗಳ ಊರು ಎಂಬುದನ್ನು ಇಲ್ಲಿ ನೆನೆಯಬಹುದು. ಕಾರ್ಖಾನೆಯ ಊರಿನಲ್ಲಿ ಅಚ್ಚಿನ ವಿದ್ಯೆ ಬಲ್ಲವರಿಗೆ ಕೊರತೆ ಇರುವುದಿಲ್ಲ.

ಧಾರವಾಡದಿಂದ ಬೆಳಗಾವಿಯತ್ತ ಹೆದ್ದಾರಿಯಲ್ಲಿ ಸಾಗುವಾಗ ಸಿಗುವ ಬೇಲೂರು ಕೈಗಾರಿಕಾ ಪ್ರದೇಶದಂಥ ಕಡೆ ಡೈ, ಮೋಲ್ಡುಗಳೊಡನೆ ದಿನ ಕಳೆಯುವ ಓದುಗರಿಗೆ ಎರಡೂ ಬಗೆಯ ತಯಾರಿಕೆಯನ್ನು ಎರಡು ಮಾತಿನಲ್ಲಿ ಹೇಳಬಹುದು. ಗಟ್ಟಿ ಮೀನಿಗೆ ಎರಡು ಹೋಳಿನ ಅಲ್ಯೂಮಿನಿಯಂ ಅಚ್ಚು ಸಾಕು. ತುಂಬಿಸಿ, ತಣಿಸಿ, ಬಿಚ್ಚಿದರಾಯಿತು. ಟೊಳ್ಳು ಮೀನಿಗೆ ಅಚ್ಚಿನ ನಡುವೆ ಒಂದು ಕೋರ್ ನಿಲ್ಲಿಸಬೇಕು. ಕೋರ್ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ ಮೀನಿನ ಒಂದು ಪಕ್ಕೆ ದಪ್ಪ, ಇನ್ನೊಂದು ತೆಳು. ಅಂಥ ಮೀನು ನೀರಿನಲ್ಲಿ ನೆಟ್ಟಗೆ ಈಜದೆ ಒಂದು ಕಡೆಗೆ ವಾಲುತ್ತದೆ. ಪೊಳ್ಳು ಕಪ್ಪೆಗಳ ಹೊಟ್ಟೆಯೋ, ಮಕ್ಕಳು ಒತ್ತಿ ಆಡುವ ಗೊಂಬೆಯಂತೆ ತೆಳು ಗೋಡೆಯದು. ಟೊಳ್ಳು ಮಾಲಿಗೆ ಬೆಲೆ ಹೆಚ್ಚೇಕೆ ಎಂಬ ಪ್ರಶ್ನೆಗೆ ಬಹುಪಾಲು ಉತ್ತರ ಈ ಕೋರ್ ಮತ್ತು ಗೋಡೆಯ ದಪ್ಪದಲ್ಲೇ ಇದೆ. ಒಳಗೆ ಪ್ಲಾಸ್ಟಿಕ್ ಕಡಿಮೆ ಇರುವಾಗ ಬೆಲೆಯೂ ಕಡಿಮೆ ಇರಬೇಕಲ್ಲವೇ ಎಂದು ವಾದಿಸುವ ಗಿರಾಕಿಗಳಿಗೆ ಇದನ್ನು ತಿಳಿಸಿ ಹೇಳುವುದು ಅಂಗಡಿಯವರಿಗೂ ಕಷ್ಟವೇ.

ಮನೆಯಲ್ಲೇ ಅಚ್ಚು ಹಾಕುವ ಉತ್ಸಾಹಿಗಳಿಗೆ ಒಂದು ಎಚ್ಚರಿಕೆ ಅಗತ್ಯ. ಮಿತಿಮೀರಿ ಕಾಯಿಸಿದ ಪಿವಿಸಿ ಹಳದಿಗೆ ತಿರುಗಿ ಹೈಡ್ರೋಜನ್ ಕ್ಲೋರೈಡ್ ಹೊಗೆಯನ್ನು ಬಿಡುತ್ತದೆ. ಅಚ್ಚಿನಲ್ಲಿ ಒಂದು ಹನಿ ನೀರಿದ್ದರೂ ಕುದಿಯುವ ಪ್ಲಾಸ್ಟಿಕ್ ಸಿಡಿದು ಮುಖಕ್ಕೆ ಬೀಳಬಹುದು. ಅಡುಗೆಮನೆ ಇದಕ್ಕೆ ತಕ್ಕ ಸ್ಥಳವಲ್ಲ, ಅಡುಗೆಯ ಪಾತ್ರೆಯಂತೂ ಅಲ್ಲವೇ ಅಲ್ಲ.

ಎರಡರ ನಡುವಿನ ನಿಜವಾದ ಭೇದ ಕಾಣುವುದು ಮೀನಿನ ಬಾಯಿ ಮುಚ್ಚಿಕೊಳ್ಳುವ ಆ ಅರೆಕ್ಷಣದಲ್ಲಿ. ಕೊಕ್ಕೆಯ ಮೊನೆಗೂ ಎರೆಯ ಮೈಗೂ ನಡುವೆ ಇರುವ ಅಂತರವೇ ಕೊಕ್ಕೆ ಬಾಯಿಗೆ ನಾಟಲು ಸಿಗುವ ಜಾಗ. ಗಟ್ಟಿ ಮೀನಿನಲ್ಲಿ ಈ ಜಾಗವನ್ನು ಪ್ಲಾಸ್ಟಿಕ್ಕೇ ಬಹುಮಟ್ಟಿಗೆ ತುಂಬಿರುತ್ತದೆ. ದಾರ ಜಗ್ಗಿದಾಗ ಮೆತ್ತನೆಯ ಮೈ ಕೊಕ್ಕೆಯ ಬಾಗಿನೊಳಗೆ ಮುದುಡಿ ಸೇರಿಕೊಂಡು, ಮೊನೆ ಮೀನಿನ ದವಡೆಯನ್ನು ಮುಟ್ಟುವ ಮೊದಲೇ ತಡೆಯೊಡ್ಡುತ್ತದೆ. ಆದ್ದರಿಂದಲೇ ಗಟ್ಟಿ ಮೀನಿಗೆ ಅಗಲ ಬಾಗಿನ ಕೊಕ್ಕೆ ಬೇಕು. ತಯಾರಕರು ಹೊಟ್ಟೆಯ ಉದ್ದಕ್ಕೂ ಒಂದು ಸೀಳು ಬಿಟ್ಟಿರುವುದೂ ಇದೇ ಕಾರಣಕ್ಕೆ. ಟೊಳ್ಳು ಮೀನು ಹಾಗಲ್ಲ. ಬಾಯಿ ಒತ್ತಿದೊಡನೆ ಅದರ ಪಕ್ಕೆಗಳು ಕುಸಿದು ಒಂದಕ್ಕೊಂದು ತಗಲುತ್ತವೆ, ಅಡಗಿದ್ದ ಮೊನೆ ಹೊರಗೆ ಇಣುಕುತ್ತದೆ. ಕೈಬೆರಳಿನಷ್ಟು ದಪ್ಪ ಕಾಣುವ ಎರೆ ಕಚ್ಚಿದ ಕ್ಷಣದಲ್ಲಿ ಕಾಗದದಷ್ಟು ತೆಳುವಾಗುವುದೇ ಅದರ ಹೆಚ್ಚುಗಾರಿಕೆ.

ಈ ಗುಣಕ್ಕೆ ಬೆಲೆಯನ್ನೂ ತೆರಬೇಕು. ಟೊಳ್ಳು ಮೈಯೊಳಗೆ ಗಾಳಿ ಇರುವುದರಿಂದ ಅದು ತೇಲಲು ನೋಡುತ್ತದೆ, ಹಗುರವಾದ್ದರಿಂದ ದೂರ ಎಸೆಯಲು ಬರುವುದಿಲ್ಲ. ಭಾರಕ್ಕಾಗಿ ಸೀಸದ ತಲೆಯುಳ್ಳ ಕೊಕ್ಕೆಯನ್ನು (ಇದನ್ನು ಜಿಗ್ ಹೆಡ್ ಎನ್ನುತ್ತಾರೆ) ಹೊಟ್ಟೆಯೊಳಗೆ ಹುದುಗಿಸಿ, ದಾರ ಕಟ್ಟುವ ಕಣ್ಣನ್ನು ಮಾತ್ರ ಮೂಗಿನಿಂದ ಹೊರತರುತ್ತಾರೆ. ಆಗ ಹೊರಗೆ ಸೀಸದ ತಲೆ ಕಾಣದೆ ಎರೆ ಹೆಚ್ಚು ಸಹಜವಾಗಿ ತೋರುವುದೊಂದು ಲಾಭ. ಆದರೆ ಹಲ್ಲುಳ್ಳ ಮೀನಿನ ಒಂದೆರಡು ಕಡಿತಕ್ಕೆ ತೆಳು ಗೋಡೆ ಹರಿಯುತ್ತದೆ. ಗಟ್ಟಿ ಮೀನು ಅದೇ ಕಡಿತವನ್ನು ಹಲವು ಬಾರಿ ತಾಳಬಲ್ಲದು. ಬಾಲ ತುಂಡಾದರೆ ಮಾತ್ರ ಅದರ ಆಯುಸ್ಸು ಮುಗಿಯಿತು.

ಈಜಿನಲ್ಲಿಯೂ ಎರಡರ ನಡೆ ಬೇರೆ. ಗಟ್ಟಿ ಮೀನಿನ ಮೈ ಭಾರವಾಗಿ ನಿಂತು ಬಾಲ ಮಾತ್ರ ಲಯಬದ್ಧವಾಗಿ ಬಡಿಯುತ್ತದೆ. ಮೈಗೆ ಉಂಗುರದಂಥ ಗೀರುಗಳನ್ನು ಕೊಟ್ಟ ಜಪಾನಿನ ಕೈಟೆಕ್ ಕಂಪನಿಯ ಮಾದರಿಗಳಂತೂ ನಿಧಾನವಾಗಿ ಎಳೆದಾಗಲೂ ಬಾಲ ಆಡಿಸುತ್ತವೆ. ಆಳದ ನೀರಿನಲ್ಲಿ, ಸವದತ್ತಿಯ ನವಿಲುತೀರ್ಥ ಅಣೆಕಟ್ಟಿನ ಹಿನ್ನೀರಿನಂಥ ವಿಶಾಲ ಜಲರಾಶಿಯಲ್ಲಿ ತಳದವರೆಗೆ ಇಳಿಸಿ ಎಳೆಯಬೇಕಾದಾಗ ಗಟ್ಟಿ ಮೀನೇ ಲೇಸು. ಕಾರವಾರದ ಬಳಿ ಕಾಳಿ ನದಿ ಸಮುದ್ರ ಸೇರುವ ಅಳಿವೆಯಲ್ಲಿಯೂ ಹಾಗೆಯೇ. ಅಲ್ಲಿನ ಸೀಬಾಸ್ ಮೀನು ಬಾಯಿಯನ್ನು ಫಕ್ಕನೆ ಅಗಲಿಸಿ ನೀರಿನೊಡನೆ ಎರೆಯನ್ನೂ ಒಳಗೆ ಸೆಳೆದುಕೊಳ್ಳುತ್ತದೆ. ಹೀಗೆ ಇಡಿಯಾಗಿ ಹೀರುವ ಮೀನಿಗೆ ಎರೆ ಕುಸಿಯುವುದೋ ಬಿಡುವುದೋ ದೊಡ್ಡ ವಿಷಯವಲ್ಲ. ಸೆಳವಿನಲ್ಲಿ ಸ್ಥಿರವಾಗಿ ಈಜುವುದೇ ಮುಖ್ಯ.

ನಮ್ಮ ಬಯಲುಸೀಮೆಯ ಕೆರೆಗಳ ಕಥೆ ಬೇರೆ. ಇಲ್ಲಿ ನೀರು ಆಳವಿಲ್ಲ, ಕೆಸರು ಹೆಚ್ಚು, ದಂಡೆಯುದ್ದಕ್ಕೂ ಜೊಂಡು. ಹುಬ್ಬಳ್ಳಿಯ ಉಣಕಲ್ ಕೆರೆಯನ್ನು ಅಂತರಗಂಗೆ ಪದೇಪದೇ ಆವರಿಸಿದ್ದನ್ನು ಅವಳಿ ನಗರದ ಜನ ಕಂಡಿದ್ದಾರೆ. ಇಂಥ ಕಳೆಯ ಅಡಿಯಲ್ಲಿ ಹೊಂಚುವ ಬೇಟೆಗಾರನೆಂದರೆ ಮುರ್ರೆಲ್ ಅಥವಾ ಕೊರವ ಮೀನು. ಹಾವಿನ ತಲೆಯನ್ನು ಹೋಲುವ ತಲೆ, ಒಳಮುಖದ ಚೂಪು ಹಲ್ಲು, ಗಡಸು ದವಡೆ. ಕಿವಿರಿನೊಡನೆ ಗಾಳಿಯನ್ನೂ ಉಸಿರಾಡಬಲ್ಲ ಈ ಮೀನು ಆಗಾಗ ಮೇಲ್ಮೈಗೆ ಬಂದು ಗಾಳಿ ನುಂಗಿ ಹೋಗುತ್ತದೆ. ಆಮ್ಲಜನಕ ಕಡಿಮೆಯಾದ ಕೆರೆಗಳಲ್ಲಿ ಬೇರೆ ಮೀನುಗಳು ಸತ್ತರೂ ಇದು ಬದುಕುಳಿಯುವುದು ಅದರಿಂದಲೇ.

ಮುರ್ರೆಲ್‌ಗೆ ಕಪ್ಪೆಯೆಂದರೆ ಅಚ್ಚುಮೆಚ್ಚು. ಜೀವಂತ ಕಪ್ಪೆಯನ್ನು ಕೊಕ್ಕೆಗೆ ಕಟ್ಟಿ ಕಳೆಯ ಮೇಲೆ ಕುಣಿಸುವುದು ಹಳೆಯ ಉಪಾಯ. ಗದ್ದೆಯ ಕೀಟಗಳನ್ನು ತಿನ್ನುವ ಕಪ್ಪೆಗಳು ಕಡಿಮೆಯಾದವೆಂಬ ಆತಂಕದಿಂದ ಭಾರತ 1987ರಲ್ಲಿ ಕಪ್ಪೆ ಕಾಲುಗಳ ರಫ್ತನ್ನೇ ನಿಷೇಧಿಸಿತ್ತು. ಆ ದೃಷ್ಟಿಯಿಂದ ಪ್ಲಾಸ್ಟಿಕ್ ಕಪ್ಪೆ ಒಂದು ಉಪಕಾರವನ್ನೇ ಮಾಡಿದೆ ಎನ್ನಬೇಕು. ಟೊಳ್ಳು ಕಪ್ಪೆಯ ಎರಡು ಕೊಕ್ಕೆಗಳು ಬೆನ್ನಿಗೆ ಅಂಟಿಕೊಂಡು ಮೇಲ್ಮುಖವಾಗಿ ನಿಂತಿರುತ್ತವೆ. ಜೊಂಡು, ಅಂತರಗಂಗೆಯ ಎಲೆಗಳ ಮೇಲೆ ಎಳೆದರೂ ಸಿಕ್ಕಿಕೊಳ್ಳುವುದು ವಿರಳ. ಮೀನು ಅಡಿಯಿಂದ ಚಿಮ್ಮಿ ಕಚ್ಚಿದಾಗ ಹೊಟ್ಟೆ ಕುಸಿದು ಕೊಕ್ಕೆಗಳು ಹೊರಬರುತ್ತವೆ. ನೀರು ಸಿಡಿದ ಸದ್ದಿಗೆ ಬೆಚ್ಚಿ ತಕ್ಷಣ ಜಗ್ಗುವವರ ಕೈಗೆ ಬರಿಯ ಕಪ್ಪೆ ವಾಪಸು ಬರುತ್ತದೆ. ಮೀನು ಬಾಯಿ ಮುಚ್ಚಿ ತಿರುಗುವಷ್ಟು ಹೊತ್ತು ತಾಳಿ ಜಗ್ಗಬೇಕು. ಇದೇ ಕಳೆಯಲ್ಲಿ ಮೊನೆ ತೆರೆದ ಗಟ್ಟಿ ಮೀನನ್ನು ಎಸೆದರೆ ಪ್ರತಿ ಸಲವೂ ಒಂದು ಹಿಡಿ ಜೊಂಡು ಬರುವುದು ಖಂಡಿತ. ಹೀಗಾಗಿ ಕಳೆಯುಳ್ಳ ಕೆರೆಗೆ ಟೊಳ್ಳು, ತೆರೆದ ಅಥವಾ ಆಳದ ನೀರಿಗೆ ಗಟ್ಟಿ ಎಂಬುದು ನಮ್ಮ ಭಾಗಕ್ಕೆ ಒಪ್ಪುವ ಲೆಕ್ಕ.

ಕೊಕ್ಕೆ ಹೊರಬರುವ ತೂತಿನಿಂದ ಕಪ್ಪೆಯ ಹೊಟ್ಟೆಗೆ ನೀರು ಸೇರುವುದು ಸಹಜ. ಆಗಾಗ ಒತ್ತಿ ಹಿಂಡಿದರೆ ಸಾಕು. ಹಲ್ಲಿನಿಂದಾದ ಸಣ್ಣ ತೂತಿಗೆ ಫೆವಿಕ್ವಿಕ್‌ನಂಥ ಅಂಟು ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ. ಇನ್ನೊಂದು ವಿಷಯ: ಪ್ಲಾಸ್ಟಿಸೈಜರ್ ಕೆಲವು ಗಡಸು ಪ್ಲಾಸ್ಟಿಕ್ ಡಬ್ಬಿಗಳನ್ನು ಕರಗಿಸಬಲ್ಲದಾದ್ದರಿಂದ ಎರೆಗಳನ್ನು ಅವು ಬಂದ ಚೀಲದಲ್ಲೇ ಇಡುವುದು ಕ್ಷೇಮ. ಬಿಸಿಲಿನಲ್ಲಿ ಚಪ್ಪಟೆಯಾದ ಟೊಳ್ಳು ಮೀನನ್ನು ಬಿಸಿನೀರಿನಲ್ಲಿ ಅದ್ದಿ ಕೈಯಿಂದ ತಿದ್ದಿ, ತಣ್ಣೀರಿಗೆ ಹಾಕಿದರೆ ಬಹುಮಟ್ಟಿಗೆ ಹಳೆಯ ಆಕಾರಕ್ಕೆ ಮರಳುತ್ತದೆ.

ಟೊಳ್ಳು ಕಪ್ಪೆಯ ಈ ಪರಿಣಾಮಕಾರಿತ್ವವೇ ಮಳೆಗಾಲದಲ್ಲಿ ಅಪಾಯವೂ ಹೌದು. ಮುಂಗಾರಿನಲ್ಲಿ ಕೆರೆಗೆ ಹೊಸ ನೀರು ಬಂದಾಗ ಮುರ್ರೆಲ್ ಜೋಡಿ ದಂಡೆಯ ಕಳೆಯ ನಡುವೆ ಜಾಗ ತೆರವು ಮಾಡಿ ತೇಲುವ ಮೊಟ್ಟೆಗಳನ್ನು ಇಡುತ್ತದೆ. ಮರಿಗಳು ಹೊರಬಂದ ಮೇಲೆ ಕೆಂಪು ಛಾಯೆಯ ಗುಂಪಾಗಿ ಮೇಲ್ಮೈಯಲ್ಲಿ ಸಾಗುತ್ತವೆ. ಅವೂ ಗಾಳಿಗಾಗಿ ಮೇಲೆ ಬರಬೇಕಾದ್ದರಿಂದ ಆ ಜಾಗದಲ್ಲಿ ನೀರು ಸಣ್ಣ ಮಳೆಹನಿ ಬಿದ್ದಂತೆ ಮಿಡಿಯುತ್ತಿರುತ್ತದೆ. ಗುಂಪಿನ ಕೆಳಗೇ ತಂದೆತಾಯಿ ಕಾವಲು. ಬಲ್ಲ ಗಾಳಗಾರ ಇದನ್ನು ದಂಡೆಯಿಂದಲೇ ಗುರುತಿಸಿ, ಕಪ್ಪೆಯನ್ನು ಮರಿಗಳ ಮೇಲೆಯೇ ಹಾಯಿಸುತ್ತಾನೆ. ಕಾವಲಿನ ಮೀನು ಹಸಿದು ಕಚ್ಚುವುದಿಲ್ಲ. ಮರಿಗಳ ಮೇಲೆ ಬಂದ ವೈರಿಯೆಂದು ಬಗೆದು ಎರಗುತ್ತದೆ. ಒಂದು ಸಲ ತಪ್ಪಿದರೆ ಮತ್ತೆ ಎರಗುತ್ತದೆ. ಬೇರೆ ಸಮಯದಲ್ಲಿ ದಿನವಿಡೀ ಕಾದರೂ ಸಿಗದ ದೊಡ್ಡ ಮೀನು ಆಗ ಅತಿ ಸುಲಭದ ತುತ್ತು.

ಕಾವಲು ತಪ್ಪಿದ ಮರಿಗಳು ಇತರ ಮೀನು, ಹಕ್ಕಿಗಳ ಪಾಲಾಗುತ್ತವೆ. ಒಂದು ಮೀನನ್ನು ಮನೆಗೆ ಒಯ್ದವನು ಒಂದು ಇಡೀ ಸಂಸಾರವನ್ನು ಕೆರೆಯಿಂದ ತೆಗೆದಂತೆ. ಹಿಡಿದು ಬಿಟ್ಟುಬಿಡುತ್ತೇನೆ ಎನ್ನುವವರ ಸಮರ್ಥನೆಯೂ ಇಲ್ಲಿ ಪೂರ್ತಿ ನಿಲ್ಲುವುದಿಲ್ಲ. ಮೀನು ಕೊಕ್ಕೆಯೊಡನೆ ಹೋರಾಡಿ, ದಂಡೆಯಲ್ಲಿ ಫೋಟೊಗೆ ನಿಂತು ಮರಳುವವರೆಗೆ ಮರಿಗಳಿಗೆ ಕಾವಲಿಲ್ಲ. ಕೆಂಪು ಗುಂಪು ಕಂಡ ಜಾಗದಲ್ಲಿ ಕಪ್ಪೆ ಎಸೆಯದಿರುವುದೇ ನೇರವಾದ ದಾರಿ. ಕೆರೆ ದೊಡ್ಡದು, ಬೇರೆ ದಂಡೆಗಳಿವೆ.

ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕು ಸಾಮಾನ್ಯವಾಗಿ ಗುತ್ತಿಗೆಯ ಮೂಲಕ ಮೀನುಗಾರರ ಸಹಕಾರ ಸಂಘಗಳಿಗೋ ಗುತ್ತಿಗೆದಾರರಿಗೋ ಹೋಗಿರುತ್ತದೆ. ರಾಜ್ಯದಲ್ಲಿ ಒಳನಾಡು ಮೀನುಗಾರಿಕೆಗೆಂದೇ 1996ರ ಕಾಯ್ದೆಯೊಂದಿದೆ. ಆದ್ದರಿಂದ ಗಾಳ ಹಿಡಿದು ಹೋಗುವ ಮೊದಲು ಆಯಾ ಕೆರೆಯ ಗುತ್ತಿಗೆದಾರರನ್ನೋ ಮೀನುಗಾರಿಕೆ ಇಲಾಖೆಯನ್ನೋ ಕೇಳುವುದು ಉಚಿತ. ದಾಂಡೇಲಿಯ ಕಡೆ ಹೊರಡುವವರು, 2015ರಿಂದ ಕಾಳಿ ಎಂಬ ಹೆಸರು ಪಡೆದಿರುವ ಹುಲಿ ಸಂರಕ್ಷಿತ ಪ್ರದೇಶದೊಳಗೆ ಹರಿಯುವ ನೀರಿನಲ್ಲಿ ಗಾಳ ಹಾಕುವುದು ವನ್ಯಜೀವಿ ಕಾನೂನಿನ ವ್ಯಾಪ್ತಿಗೆ ಬರುತ್ತದೆಂಬುದನ್ನು ಮರೆಯಬಾರದು.

ಉಳಿದದ್ದು ಹರಿದ ಎರೆಗಳ ಪ್ರಶ್ನೆ. ಕೊಕ್ಕೆಯಿಂದ ಕಳಚಿ ನೀರಿಗೆ ಬಿದ್ದ ಮೆತ್ತನೆಯ ಪ್ಲಾಸ್ಟಿಕ್ ಕೊಳೆಯುವುದಿಲ್ಲ. ನೀರು ಹೀರಿ ಊದಿಕೊಳ್ಳುವುದೂ ಉಂಟು. ಅಮೆರಿಕದಲ್ಲಿ ಬ್ರೂಕ್ ಟ್ರೌಟ್ ಮೀನುಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ತೊಟ್ಟಿಗೆ ಹಾಕಿದ ಇಂಥ ಎರೆಗಳನ್ನು ಮೀನುಗಳು ತಾವಾಗಿಯೇ ನುಂಗಿದ್ದು, ನುಂಗಿದವುಗಳ ಬೆಳವಣಿಗೆಗೆ ಪೆಟ್ಟು ಬಿದ್ದದ್ದು ಕಂಡುಬಂತು. 2013ರಲ್ಲಿ ಮೇನ್ ರಾಜ್ಯದ ಶಾಸನಸಭೆಯಲ್ಲಿ ಇವುಗಳನ್ನೇ ನಿಷೇಧಿಸುವ ಮಸೂದೆ ಬಂದು, ವಿರೋಧದ ನಂತರ ಅಧ್ಯಯನಕ್ಕಷ್ಟೇ ಸೀಮಿತವಾಯಿತು. ಈ ವಿಚಾರದಲ್ಲಿ ಗಟ್ಟಿ ಮೀನಿನ ಪಾಪ ತುಸು ಹೆಚ್ಚು. ಬಾಲ ತುಂಡಾಗಿ ಉದುರುವುದು, ಎಸೆಯುವ ರಭಸಕ್ಕೆ ಕೊಕ್ಕೆಯಿಂದ ಜಾರಿಹೋಗುವುದು ಅದರಲ್ಲೇ ಅಧಿಕ. ಟೊಳ್ಳು ಕಪ್ಪೆ ಹರಿದರೂ ಕೊಕ್ಕೆಗೆ ಅಂಟಿಕೊಂಡೇ ದಂಡೆಗೆ ಬರುತ್ತದೆ.

ದಂಡೆಗೆ ಬಂದದ್ದನ್ನು ಎಸೆಯಬೇಕಾಗಿಲ್ಲ. ಗಟ್ಟಿಯಾದ ಪ್ಲಾಸ್ಟಿಸಾಲ್ ಮತ್ತೆ ಕಾಯಿಸಿದರೆ ಮತ್ತೆ ಕರಗುತ್ತದೆ. ಹರಿದ ಮೀನುಗಳನ್ನು ಒಂದು ಡಬ್ಬಿಯಲ್ಲಿ ಕೂಡಿಟ್ಟು, ಅಚ್ಚು ಹಾಕುವ ಅನುಭವವಿದ್ದವರಿಗೆ ಕೊಟ್ಟರೆ ಗಾಳಿಯಾಡುವ ಜಾಗದಲ್ಲಿ ಕರಗಿಸಿ ಹೊಸ ಗಟ್ಟಿ ಮೀನು ಮಾಡಬಲ್ಲರು. ಬಣ್ಣಗಳೆಲ್ಲ ಬೆರೆತು ಕೊನೆಗೆ ಸಿಗುವುದು ಕಂದುಗಪ್ಪು. ನಮ್ಮ ಕೆಸರು ನೀರಿನ ಕೆರೆಗಳಿಗೆ ಅದೇನೂ ಕೆಟ್ಟ ಬಣ್ಣವಲ್ಲ.