ಎಲ್ಲ ವೆಚ್ಚ ಒಳಗೊಂಡ ಪ್ರವಾಸ ಮತ್ತು ಸ್ಥಳೀಯ ಆದಾಯ: ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆ ತಾಲ್ಲೂಕುಗಳು

ಪ್ರಯಾಣ, ವಸತಿ, ಊಟೋಪಹಾರ ಹಾಗೂ ಸ್ಥಳ ವೀಕ್ಷಣೆಯ ವೆಚ್ಚವನ್ನು ಒಂದೇ ಮೊತ್ತವಾಗಿ ಮುಂಗಡ ಪಾವತಿಸುವ ವ್ಯವಸ್ಥೆಯನ್ನು ಎಲ್ಲ ವೆಚ್ಚ ಒಳಗೊಂಡ ಪ್ರವಾಸ ಎನ್ನಲಾಗುತ್ತದೆ. ವಿದೇಶಗಳ ಕಡಲತೀರದ ರೆಸಾರ್ಟುಗಳಲ್ಲಿ ಬೆಳೆದ ಈ ಪದ್ಧತಿಯು ಇಲ್ಲಿ ಪ್ಯಾಕೇಜ್ ಬಸ್ಸು ಪ್ರವಾಸದ ರೂಪದಲ್ಲಿ ಹೆಚ್ಚು ಪರಿಚಿತವಾಗಿದೆ.

ಮೂಡುಬಿದಿರೆಯಲ್ಲಿ 1430ರಲ್ಲಿ ನಿರ್ಮಾಣಗೊಂಡ ಸಾವಿರ ಕಂಬದ ಬಸದಿ, ವೇಣೂರಿನಲ್ಲಿ 1604ರಲ್ಲಿ ಸ್ಥಾಪನೆಗೊಂಡ ಬಾಹುಬಲಿ ಮೂರ್ತಿ ಹಾಗೂ ಧರ್ಮಸ್ಥಳ, ಇವು ಮೂರನ್ನೂ ಒಂದೇ ದಿನದಲ್ಲಿ ನೋಡಿ ಮರಳಲು ಸಾಧ್ಯವಿದೆ. ಪ್ರವಾಸಿಗರಿಗೆ ಇದು ಅನುಕೂಲಕರವೇ ಸರಿ. ವೃದ್ಧರಿಗೂ ಶಾಲಾ ಮಕ್ಕಳಿಗೂ ಖರ್ಚಿನ ನಿಶ್ಚಿತತೆ ದೊರೆಯುತ್ತದೆ. ಆದರೆ ಲೆಕ್ಕವನ್ನು ಸ್ಥಳೀಯರ ಕಡೆಯಿಂದ ನೋಡಿದಲ್ಲಿ ಚಿತ್ರ ಬೇರೆಯಾಗುತ್ತದೆ. ಹಣವು ಪ್ರವಾಸ ಹೊರಡುವ ಊರಿನಲ್ಲಿಯೇ ಸಂದಾಯವಾಗಿರುತ್ತದೆ. ಅಡುಗೆಯವರನ್ನೂ ಪಾತ್ರೆಗಳನ್ನೂ ಬಸ್ಸಿನಲ್ಲಿಯೇ ಕರೆತರುವ ತಂಡಗಳೂ ಉಂಟು. ಹೀಗಾದಾಗ ಬಸದಿಯ ಸಮೀಪದ ಎಳನೀರು ಅಂಗಡಿಗಾಗಲಿ, ವೇಣೂರಿನ ಆಟೋ ಚಾಲಕರಿಗಾಗಲಿ, ನೀರುದೋಸೆ ಮಾಡುವ ಸಣ್ಣ ಹೋಟೆಲಿಗಾಗಲಿ ಸಂದಾಯವಾಗುವುದು ಅತ್ಯಲ್ಪ. ಅರ್ಥಶಾಸ್ತ್ರದಲ್ಲಿ ಇದನ್ನು ಆದಾಯದ ಸೋರಿಕೆ ಎನ್ನುತ್ತಾರೆ. (ಧರ್ಮಸ್ಥಳದ ಅನ್ನದಾನವನ್ನು ಇದರೊಂದಿಗೆ ಹೋಲಿಸಲಾಗದು, ಅದು ವ್ಯಾಪಾರವಲ್ಲ.)

ಕಸ ಮತ್ತು ಮಲಿನ ನೀರು ಮಾತ್ರ ಇಲ್ಲಿಯೇ ಉಳಿಯುತ್ತವೆ. ಬೆಳ್ತಂಗಡಿಯ ಘಟ್ಟದ ಹಳ್ಳಗಳು ನೇತ್ರಾವತಿಯನ್ನು ಸೇರುತ್ತವೆ. ಬಂಟ್ವಾಳ ತಾಲ್ಲೂಕಿನ ತುಂಬೆ ಅಣೆಕಟ್ಟಿನಿಂದ ಅದೇ ನೀರು ಮಂಗಳೂರು ನಗರಕ್ಕೆ ಕುಡಿಯಲು ಪೂರೈಕೆಯಾಗುತ್ತದೆ. ಮೇಲ್ಭಾಗದ ತೊರೆಯ ದಡದಲ್ಲಿ ಬಿಸಾಡಿದ ತಟ್ಟೆ ಲೋಟಗಳು ಮೊದಲ ಮಳೆಗೆ ಯಾವ ದಿಕ್ಕಿಗೆ ಹೋಗುತ್ತವೆ ಎಂಬುದನ್ನು ವಿವರಿಸಬೇಕಾಗಿಲ್ಲ. 2019ರ ಆಗಸ್ಟ್ ತಿಂಗಳಿನ ಪ್ರವಾಹ ಹಾಗೂ ಭೂಕುಸಿತದಲ್ಲಿ ಬೆಳ್ತಂಗಡಿಯ ಘಟ್ಟದಡಿಯ ಗ್ರಾಮಗಳು ಅನುಭವಿಸಿದ ಹಾನಿಯನ್ನು ನೋಡಿದವರು, ಅಲ್ಲಿನ ಇಳಿಜಾರುಗಳಲ್ಲಿ ದೊಡ್ಡ ಕಟ್ಟಡಗಳ ಯೋಜನೆಗೆ ಮುನ್ನ ಎರಡು ಬಾರಿ ಯೋಚಿಸುವುದು ಉಚಿತ.

ಪ್ಯಾಕೇಜ್ ಪದ್ಧತಿಯನ್ನು ಕೈಬಿಡಬೇಕೆಂದು ಇದರ ಅರ್ಥವಲ್ಲ. ಒಂದು ಹೊತ್ತಿನ ಊಟವನ್ನು ಸ್ಥಳೀಯ ಹೋಟೆಲಿನಲ್ಲಿ ಮತ್ತು ಒಂದು ರಾತ್ರಿಯ ವಾಸ್ತವ್ಯವನ್ನು ಹೋಂಸ್ಟೇಯಲ್ಲಿ ಸೇರಿಸಿದರೂ ಹಣದ ಒಂದು ಪಾಲು ತಾಲ್ಲೂಕಿನಲ್ಲಿಯೇ ಉಳಿಯುತ್ತದೆ. ಅಡಿಕೆ ತೋಟದ ಮನೆಗಳಿಗೆ ಇದು ಉಪ ಆದಾಯವಾಗಬಲ್ಲದು.

ಹೋಂಸ್ಟೇ ನಡೆಸಲು ಇಚ್ಛಿಸುವ ನಾಗರಿಕರು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸತಕ್ಕದ್ದು. ಮನೆಯವರು ಅಲ್ಲಿಯೇ ವಾಸವಿದ್ದು ಅತಿಥಿಗಳನ್ನು ನೋಡಿಕೊಳ್ಳುವುದೇ ಹೋಂಸ್ಟೇಯ ಲಕ್ಷಣವಾದುದರಿಂದ, ಬೇರೆಡೆ ವಾಸಿಸುತ್ತ ಖಾಲಿ ಮನೆಯನ್ನು ಬಾಡಿಗೆಗೆ ನೀಡುವವರು ಈ ವರ್ಗದಲ್ಲಿ ಅರ್ಜಿ ಸಲ್ಲಿಸುವುದು ಸೂಕ್ತವಲ್ಲ. ಅರ್ಜಿಗೆ ಮುನ್ನ ಶೌಚಗುಂಡಿಯು ಬಾವಿ ಹಾಗೂ ತೋಡಿನಿಂದ ಸಾಕಷ್ಟು ದೂರದಲ್ಲಿರುವುದನ್ನು ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಅಗತ್ಯ ದಾಖಲೆಗಳ ವಿವರವನ್ನು ಮಂಗಳೂರಿನಲ್ಲಿರುವ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಪಡೆಯಬಹುದಾಗಿದೆ.